ನಿನೆವೆಯ ಮೇಲಿನ ಕೋಪ: ಅಮೆರಿಕ ವಿರೋಧಿ ಭಾವನೆಯ ಕಾರಣಗಳು

ಅಮೆರಿಕ ವಿರೋಧಿ ಭಾವನೆ ಎಂಬ ಮಾತನ್ನು ನಾವು ಒಂದೇ ವಸ್ತುವಿನ ಹೆಸರೆಂಬಂತೆ ಬಳಸುತ್ತೇವೆ. ವಾಸ್ತವದಲ್ಲಿ ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಕೊಂಡಿವೆ. ಮೊದಲನೆಯದು ಸಾಂಸ್ಕೃತಿಕ ತಿರಸ್ಕಾರ. ಉರುಗ್ವೆ ದೇಶದ ಲೇಖಕ ಹೊಸೆ ಎನ್ರಿಕೆ ರೊಡೊ 1900ರಲ್ಲಿ ಪ್ರಕಟಿಸಿದ ‘ಏರಿಯಲ್’ ಎಂಬ ಕೃತಿಯು ಉತ್ತರದ ನೆರೆರಾಷ್ಟ್ರವನ್ನು ಉಪಯುಕ್ತತೆಯೊಂದನ್ನೇ ಅಳತೆಗೋಲಾಗಿಸಿಕೊಂಡ ಸಮಾಜವೆಂದು ವಿಮರ್ಶಿಸಿ, ಲ್ಯಾಟಿನ್ ಅಮೆರಿಕದ ಯುವಜನರನ್ನು ಆತ್ಮದ ಹಿರಿಮೆಯ ಕಡೆಗೆ ಕರೆಯಿತು. ಎರಡನೆಯದು ಆಳುವವರ ಅನುಕೂಲ: ತಮ್ಮ ವೈಫಲ್ಯಗಳನ್ನು ಮರೆಮಾಚಲು ದೂರದ ಶತ್ರುವನ್ನು ತೋರಿಸುವ ಹಳೆಯ ಉಪಾಯ. ಮೂರನೆಯದು ಗಾಯದ ನೆನಪು. ಮೊದಲೆರಡನ್ನು ಟೀಕಿಸುವುದು ಸುಲಭ. ಮೂರನೆಯದಾದರೋ ಕ್ರೈಸ್ತ ಮನಸ್ಸಾಕ್ಷಿಯಿಂದ ಉತ್ತರವನ್ನು ಬೇಡುತ್ತದೆ.

ಗಾಯದ ನೆನಪಿನಲ್ಲಿ ಎರಡು ಕಡೆಯವರು ಎಂದಿಗೂ ಸಮಾನರಲ್ಲ. ಹೊಡೆದವನು ಮರೆಯುತ್ತಾನೆ, ಹೊಡೆತ ತಿಂದವನು ಮರೆಯಲಾರ. ಅನೇಕ ಅಮೆರಿಕನ್ನರ ಪಾಲಿಗೆ ಇರಾನಿನೊಡನೆ ವೈರ ಆರಂಭವಾದದ್ದು 1979ರ ನವೆಂಬರ್ 4ರಂದು. ಅಂದು ಟೆಹರಾನಿನ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾಯಿತು. 52 ಮಂದಿ 444 ದಿನ ಒತ್ತೆಯಾಳುಗಳಾಗಿ ಉಳಿದರು. ಆದರೆ ಅನೇಕ ಇರಾನಿಯನ್ನರ ನೆನಪಿನಲ್ಲಿ ಅದೇ ಕಥೆ 1953ರ ಆಗಸ್ಟ್ ತಿಂಗಳಿಗೆ ಹಿಂದೆ ಸರಿಯುತ್ತದೆ. ತೈಲೋದ್ಯಮವನ್ನು ರಾಷ್ಟ್ರೀಕರಿಸಿದ್ದ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರನ್ನು ಅಂದು ಸಿಐಎ ಮತ್ತು ಬ್ರಿಟಿಷ್ ಗುಪ್ತಚರರ ನೆರವಿನಿಂದ ಪದಚ್ಯುತಗೊಳಿಸಲಾಯಿತು. ಮರುವರ್ಷ ಗ್ವಾಟೆಮಾಲದಲ್ಲಿ, ಉಳುಮೆಯಾಗದ ಭೂಮಿಯನ್ನು ಬಡ ರೈತರಿಗೆ ಹಂಚಲು ಹೊರಟಿದ್ದ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಅವರಿಗೂ ಸಿಐಎ ರೂಪಿಸಿದ ಕಾರ್ಯಾಚರಣೆಯಿಂದ ಇದೇ ಗತಿಯಾಯಿತು. ಹೀಗೆ ಹಂಚಿಕೆಯಾದ ಭೂಮಿಯಲ್ಲಿ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯದೂ ಸೇರಿತ್ತು. ಒಂದು ದೇಶದ ಪಠ್ಯಪುಸ್ತಕದಲ್ಲಿ ಅಡಿಟಿಪ್ಪಣಿಯಾಗಿರುವುದು ಮತ್ತೊಂದು ದೇಶದಲ್ಲಿ ಮನೆಮನೆಯ ಮಾತಾಗಿರುತ್ತದೆ.

ಇಂಥ ಗಾಯವನ್ನು ಶ್ರೀಸಭೆಯು ತನ್ನ ಮೈಮೇಲೆಯೇ ಹೊತ್ತ ನಾಡು ಎಲ್ ಸಾಲ್ವಡಾರ್. ಕಾಫಿ ಬೆಳೆಯುವ ಫಲವತ್ತಾದ ನೆಲವು ಕೆಲವೇ ಕುಟುಂಬಗಳ ಕೈಯಲ್ಲಿದ್ದ ಆ ಪುಟ್ಟ ದೇಶದಲ್ಲಿ ರೈತರನ್ನು ಸಂಘಟಿಸಿದವರನ್ನು ಸೇನೆಯೂ ಕೊಲೆಗಡುಕ ಪಡೆಗಳೂ ಬೇಟೆಯಾಡಿದವು. 1980ರ ಫೆಬ್ರವರಿ 17ರ ಭಾನುವಾರ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಬರೆದ ಪತ್ರವನ್ನು ಬಲಿಪೂಜೆಯಲ್ಲಿ ಜನರ ಮುಂದೆ ಓದಿದರು. ಸೈನಿಕ ನೆರವು ಕಳುಹಿಸಬೇಡಿ, ಅದು ನಮ್ಮ ಜನರ ಮೇಲಿನ ದಮನವನ್ನು ಹೆಚ್ಚಿಸುತ್ತದೆ ಎಂಬುದು ಅದರ ಸಾರ. ಮಾರ್ಚ್ 24ರಂದು, ಆಸ್ಪತ್ರೆಯೊಂದರ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ನೆರವು ನಿಲ್ಲಲಿಲ್ಲ. ಮುಂದಿನ 12 ವರ್ಷಗಳ ಅಂತರ್ಯುದ್ಧದಲ್ಲಿ ನೂರಾರು ಕೋಟಿ ಡಾಲರ್ ಹರಿದುಬಂತು. ಸುಮಾರು 75,000 ಜನರು ಸತ್ತರು. 1981ರ ಡಿಸೆಂಬರ್‌ನಲ್ಲಿ ಅಮೆರಿಕನ್ ತರಬೇತಿ ಪಡೆದ ಅಟ್ಲಕಾಟ್ಲ್ ಪಡೆಯು ಎಲ್ ಮೊಸೊಟೆ ಎಂಬ ಹಳ್ಳಿಯಲ್ಲೂ ಅದರ ಸುತ್ತಮುತ್ತಲೂ ನೂರಾರು ಜನರನ್ನು ಕೊಂದಿತು. ಅವರಲ್ಲಿ ಬಹಳ ಮಂದಿ ಮಕ್ಕಳು. ಈ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ವಾಷಿಂಗ್ಟನ್ನಿನ ಅಧಿಕಾರಿಗಳು ಅದನ್ನು ನಂಬಲರ್ಹವಲ್ಲವೆಂದು ತಳ್ಳಿಹಾಕಿದರು. 1992ರಲ್ಲಿ ಉತ್ಖನನ ನಡೆದಾಗ ಎಲುಬುಗಳು ಸತ್ಯವನ್ನು ನುಡಿದವು. ಅದೇ ಪಡೆಯ ಸೈನಿಕರು 1989ರ ನವೆಂಬರ್ 16ರಂದು ಇಗ್ನಾಸಿಯೊ ಎಲ್ಯಾಕುರಿಯಾ ಸೇರಿದಂತೆ ಯೇಸುಸಭೆಯ ಆರು ಗುರುಗಳನ್ನೂ ಅವರ ಅಡುಗೆಯಾಕೆಯನ್ನೂ ಆಕೆಯ ಎಳೆಯ ಮಗಳನ್ನೂ ಕೊಂದರು. ವಿಶ್ವಸಂಸ್ಥೆಯ ಆಶ್ರಯದ ಸತ್ಯಶೋಧನಾ ಆಯೋಗಕ್ಕೆ 22,000ಕ್ಕೂ ಹೆಚ್ಚು ದೂರುಗಳು ಬಂದವು. ಅವುಗಳಲ್ಲಿ ಸುಮಾರು ಶೇ. 85ರಷ್ಟು ದೂರುಗಳು ಸರ್ಕಾರಿ ಪಡೆಗಳು ಹಾಗೂ ಅವುಗಳ ಬೆಂಬಲಿಗರ ವಿರುದ್ಧ, ಸುಮಾರು ಶೇ. 5ರಷ್ಟು ದೂರುಗಳು ಗೆರಿಲ್ಲಾಗಳ ವಿರುದ್ಧ ಇದ್ದವು.

ಇಂಥ ನಾಡಿನಲ್ಲಿ ಅಮೆರಿಕದ ಮೇಲೆ ಕೋಪ ಹುಟ್ಟದಿದ್ದರೆ ಅದೇ ಆಶ್ಚರ್ಯ. ಆದರೆ ಈ ಕಥೆಗೆ ಮತ್ತೊಂದು ಮುಖವೂ ಇದೆ. 1980ರ ಡಿಸೆಂಬರ್ 2ರಂದು ಅದೇ ನೆಲದಲ್ಲಿ ರಾಷ್ಟ್ರೀಯ ಕಾವಲುಪಡೆಯ ಸೈನಿಕರಿಂದ ಹತರಾದ ಮೂವರು ಧರ್ಮಭಗಿನಿಯರು ಮತ್ತು ಶ್ರೀಸಾಮಾನ್ಯ ಸೇವಕಿ ಜೀನ್ ಡೊನೊವನ್ ಅಮೆರಿಕನ್ನರೇ. ಸಾಲ್ವಡಾರ್ ಮತ್ತು ಗ್ವಾಟೆಮಾಲದಿಂದ ಓಡಿಬಂದವರಿಗೆ ಅಮೆರಿಕ ಸರ್ಕಾರವು ಆಶ್ರಯ ನಿರಾಕರಿಸುತ್ತಿದ್ದಾಗ, ರೊಮೆರೊ ಅವರ ಎರಡನೆಯ ಪುಣ್ಯಸ್ಮರಣೆಯ ದಿನ, 1982ರ ಮಾರ್ಚ್ 24ರಂದು, ಅರಿಜೋನದ ಟೂಸಾನ್ ನಗರದ ಪ್ರೆಸ್ಬಿಟೇರಿಯನ್ ಸಭೆಯೊಂದು ತನ್ನ ದೇವಾಲಯವನ್ನೇ ಆಶ್ರಯಸ್ಥಾನವೆಂದು ಸಾರಿತು. ಅನೇಕ ಸಭೆಗಳು ಅದನ್ನು ಹಿಂಬಾಲಿಸಿದವು. ಕೆಲವರು ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿಕೊಂಡರು. ಗುರುಗಳ ಹತ್ಯೆಯಲ್ಲಿ ಸಾಲ್ವಡಾರ್ ಸೇನೆಯ ಪಾತ್ರವನ್ನು ಬಯಲಿಗೆಳೆದವರಲ್ಲಿ ಅಮೆರಿಕನ್ ಸಂಸದ ಜೋ ಮೋಕ್ಲಿ ಪ್ರಮುಖರು.

ಆದ್ದರಿಂದ ನಮಗೆ ಬೇಕಾದುದು ಒಂದು ವಿವೇಚನೆ. 1987ರ ‘ಸೊಲ್ಲಿಸಿತುದೊ ರೇಯಿ ಸೊಸಿಯಾಲಿಸ್’ ಎಂಬ ವಿಶ್ವಪತ್ರದಲ್ಲಿ ಎರಡನೆಯ ಜಾನ್ ಪಾಲರು ಪಾಪದ ಸಂರಚನೆಗಳ ಕುರಿತು ಬೋಧಿಸಿದರು. ಲಾಭದ ಹಂಬಲವೂ ಅಧಿಕಾರದ ದಾಹವೂ ವ್ಯಕ್ತಿಗಳ ಪಾಪದಲ್ಲಿ ಬೇರೂರಿ, ವ್ಯವಸ್ಥೆಗಳಾಗಿ ಗಟ್ಟಿಗೊಳ್ಳುತ್ತವೆ ಎಂಬುದು ಅವರ ನಿಲುವು. ಪೂರ್ವ ಪಶ್ಚಿಮಗಳೆರಡರ ಬಣಗಳನ್ನೂ ಅವರು ಆ ಬೆಳಕಿನಲ್ಲಿ ಪರೀಕ್ಷಿಸಿದರು. ಈ ಬೋಧನೆ ಎರಡು ತಪ್ಪುಗಳಿಂದ ನಮ್ಮನ್ನು ಕಾಪಾಡುತ್ತದೆ. ಸಂರಚನೆಗೆ ಹೊಣೆಗಾರರಿದ್ದಾರೆ, ಆದ್ದರಿಂದ ಯಾರದೂ ತಪ್ಪಿಲ್ಲವೆಂದು ಕೈತೊಳೆದುಕೊಳ್ಳುವಂತಿಲ್ಲ. ಸಂರಚನೆಯೊಳಗಿನ ಎಲ್ಲರ ಹೊಣೆಯೂ ಒಂದೇ ಅಲ್ಲ; ಆದ್ದರಿಂದ ಒಂದು ಜನಾಂಗವನ್ನೇ ದ್ವೇಷಿಸುವಂತಿಲ್ಲ.

ಪವಿತ್ರ ಗ್ರಂಥವು ಇದನ್ನು ನಿನೆವೆಯ ಮೂಲಕ ಕಲಿಸುತ್ತದೆ. ಇಸ್ರಯೇಲರ ಪಾಲಿಗೆ ಅಂದಿನ ಮಹಾಶಕ್ತಿ ಅಸ್ಸೀರಿಯ. ಅದರ ರಾಜಧಾನಿ ನಿನೆವೆ. ಈ ಒಂದು ನಗರದ ಬಗ್ಗೆ ಎರಡು ಪ್ರವಾದಿ ಗ್ರಂಥಗಳಿವೆ. ನಹೂಮನು ಅದನ್ನು ರಕ್ತಮಯ ನಗರವೆಂದು ಖಂಡಿಸಿ ಅದರ ಪತನವನ್ನು ಸಾರುತ್ತಾನೆ. ಯೋನನೂ ಆ ಪತನವನ್ನೇ ಬಯಸಿದ್ದ. ಆದರೆ ನಗರವು ಪಶ್ಚಾತ್ತಾಪಪಟ್ಟು ಉಳಿದಾಗ ಸಿಟ್ಟಾದ ಅವನಿಗೆ ದೇವರು, ಎಡ ಬಲ ತಿಳಿಯದ ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರಕ್ಕಾಗಿ ತಾನು ಮರುಗಬಾರದೇ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಯೋನನ ಉತ್ತರ ಗ್ರಂಥದಲ್ಲಿಲ್ಲ. ನಹೂಮನನ್ನು ಬಿಟ್ಟು ಯೋನನನ್ನಷ್ಟೇ ಓದುವವರು ಬಲಿಯಾದವರಿಗೆ ಬೇಗ ಕ್ಷಮಿಸಿರೆಂದು ಉಪದೇಶಿಸುತ್ತಾರೆ. ಯೋನನನ್ನು ಬಿಟ್ಟು ನಹೂಮನನ್ನಷ್ಟೇ ಓದುವವರು ಶತ್ರುವಿನ ಮಕ್ಕಳನ್ನು ಕಾಣಲಾರರು. ಇಬ್ಬರನ್ನೂ ಶ್ರೀಸಭೆ ಒಂದೇ ಗ್ರಂಥಸಂಪುಟದಲ್ಲಿ ಉಳಿಸಿಕೊಂಡಿದೆ.

ರೊಮೆರೊ ಅವರ ಪತ್ರದಲ್ಲಿ ಇಬ್ಬರ ದನಿಯೂ ಕೇಳಿಸುತ್ತದೆ. ಅವರು ಕಾರ್ಟರ್ ಅವರನ್ನು ಶತ್ರುವೆಂದು ಸಂಬೋಧಿಸಲಿಲ್ಲ. ತಾನು ಕ್ರೈಸ್ತ, ಮಾನವ ಹಕ್ಕುಗಳನ್ನು ಕಾಪಾಡುವವನು ಎಂಬ ಅಧ್ಯಕ್ಷರ ಸ್ವಂತ ಮಾತನ್ನೇ ಹಿಡಿದು, ಅದಕ್ಕೆ ತಕ್ಕಂತೆ ನಡೆಯಿರೆಂದು ಬೇಡಿದರು. ಖಂಡನೆಯೂ ಆಮಂತ್ರಣವೂ ಅಲ್ಲಿ ಒಂದೇ ಮಾತಾಗಿವೆ. 2018ರ ಅಕ್ಟೋಬರ್ 14ರಂದು ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು.

ಭಾರತದಲ್ಲಿ ಗುರುಗಳಾಗಲಿರುವವರಿಗೆ ಈ ವಿವೇಚನೆ ಇನ್ನೊಂದು ಕಾರಣಕ್ಕೂ ಅಗತ್ಯ. ನಮ್ಮ ವಿಶ್ವಾಸವನ್ನು ಪಶ್ಚಿಮದ ನೆರಳೆಂದು ಕಾಣುವವರು ಇಲ್ಲಿದ್ದಾರೆ. ಆ ಸಂಶಯಕ್ಕೆ ಅಂಜಿ ಅಮೆರಿಕವನ್ನು ಎಲ್ಲರಿಗಿಂತ ಗಟ್ಟಿಯಾಗಿ ಬಯ್ಯುವ ಶೋಧನೆಯೂ, ಅದು ಕ್ರೈಸ್ತ ದೇಶವೆಂಬ ಭ್ರಮೆಯಿಂದ ಅದರ ಯುದ್ಧಗಳನ್ನು ಸಮರ್ಥಿಸುವ ಶೋಧನೆಯೂ ನಮ್ಮೆದುರಿಗಿವೆ. ಪ್ರಬೋಧನಪೀಠವನ್ನು ಏರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ನಾನು ಖಂಡಿಸುತ್ತಿರುವ ಕೃತ್ಯ ಯಾವುದು, ಅದು ಯಾವಾಗ ನಡೆಯಿತು, ಯಾರು ನಡೆಸಿದರು? ಅದೇ ಕೃತ್ಯವನ್ನು ನನ್ನ ದೇಶವೋ ನನ್ನ ಸಮುದಾಯವೋ ಮಾಡಿದ್ದರೆ ಇದೇ ಮಾತನ್ನು ಆಡುತ್ತಿದ್ದೆನೇ? ಆ ದೇಶದಲ್ಲಿ ಈ ಕೃತ್ಯವನ್ನು ಎದುರಿಸಿ ನಿಂತವರ ಹೆಸರು ನನಗೆ ಗೊತ್ತಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕ ವಿಶ್ವಾಸಿಗಳ ಪ್ರಾರ್ಥನೆಯನ್ನು ಸಿದ್ಧಪಡಿಸೋಣ. ಬಾಂಬಿಗೆ ಸಿಕ್ಕ ಊರಿನ ಹೆಸರನ್ನು ಅದರಲ್ಲಿ ಸ್ಪಷ್ಟವಾಗಿ ಹೇಳಿ, ಬಾಂಬು ಹಾಕಿದ ದೇಶದ ಜನರಿಗಾಗಿಯೂ ಅದೇ ಉಸಿರಿನಲ್ಲಿ ಬೇಡಿಕೊಳ್ಳೋಣ.