ಅಂಗಾಲ ಉರಿ, ಕಲ್ಲೂರ ಮದ್ದು

ರಾಯಚೂರಿನಿಂದ ಕಲ್ಮಲ ದಾಟಿ ಸಿರವಾರದ ಕಡೆ ಹೊರಟ ಬಸ್ಸು ಕಲ್ಲೂರಿನಲ್ಲಿ ಇಳಿಸುತ್ತದೆ. ಮೊದಲು ಮಾನ್ವಿ ತಾಲ್ಲೂಕಿನಲ್ಲಿದ್ದ ಊರು ಈಗ ಸಿರವಾರಕ್ಕೆ ಸೇರಿದೆ. ಹೊರಗಿನವರಿಗೆ ಇದು ಮಹಾಲಕ್ಷ್ಮಿಯ ಊರು. ಗಂಧ ತೇಯುವ ಸಾಣೆಕಲ್ಲಿನಲ್ಲಿ ದೇವಿ ಮೂಡಿದಳೆಂಬುದು ಇಲ್ಲಿಯ ನಂಬಿಕೆ. ನಾನು ಬಂದದ್ದು ಬೇರೆ ಕಾರಣಕ್ಕೆ. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರ ಕೈಕಾಲಿನ ಉರಿಗೆ, ಜೋಮಿಗೆ ಊರ ಮದ್ದು ಏನು ಮಾಡಬಲ್ಲದು, ಎಲ್ಲಿ ಅದನ್ನು ತಡೆಯಬೇಕು ಎಂದು ನೋಡುವುದಿತ್ತು.

ಗುಡಿಯ ಕಡೆಗಿನ ಓಣಿಯಲ್ಲಿ ಮನೆಯೊಂದರ ಕಟ್ಟೆಯ ಪಕ್ಕ ನಿತ್ಯಪುಷ್ಪ ಬೆಳೆದಿತ್ತು. ಸಕ್ಕರೆ ಕಾಯಿಲೆಗೆ ಇದರ ಎಲೆ ಅಗಿಯುವವರುಂಟು. ಆ ಬಳಕೆಯ ಜಾಡು ಹಿಡಿದೇ 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಎಲೆಯನ್ನು ಪರೀಕ್ಷೆಗೆ ಹಚ್ಚಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಅಲ್ಲಿಂದ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್, ಆಮೇಲೆ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂದವು. ರಕ್ತದ ಕ್ಯಾನ್ಸರಿನ ಎಷ್ಟೋ ಮಕ್ಕಳನ್ನು ಉಳಿಸಿದ ವಿನ್‌ಕ್ರಿಸ್ಟಿನ್ ನರಗಳಿಗೆ ಪೆಟ್ಟು ಕೊಡುವುದರಲ್ಲೂ ಮುಂದು. ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಹಾಗೆಯೇ. "ಗಿಡದ ಔಷಧ ಅಂದ್ಮ್ಯಾಲ ಏನೂ ಆಗಂಗಿಲ್ರಿ" ಎಂಬ ಮಾತನ್ನು ಊರಲ್ಲಿ ಹಲವರಿಂದ ಕೇಳಿದೆ. ಈ ಗಿಡವನ್ನು ಬಲ್ಲವರು ಹಾಗೆ ಹೇಳಲಾರರು.

ಬೆನ್ನಿನಿಂದ ಅಂಗಾಲಿನ ತನಕ ಒಂದೊಂದು ನರತಂತು ಸುಮಾರು 1 ಮೀಟರ್ ಉದ್ದ. ಅದಕ್ಕೆ ಬೇಕಾದ ಸರಕು ಸಾಗುವುದು ಒಳಗಿನ ಸೂಕ್ಷ್ಮ ಕೊಳವೆಗಳ ಹಳಿಯ ಮೇಲೆ. ಕ್ಯಾನ್ಸರ್ ಕೋಶ ಒಡೆದು ಎರಡಾಗದಂತೆ ತಡೆಯಲು ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಗಳು ಕೆಡಿಸುವುದೂ ಅದೇ ಬಗೆಯ ಕೊಳವೆಗಳನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟದೆ ಹೋಗುವ ಹಾಗೆ, ಕಾಲ್ಬೆರಳು ಕೈಬೆರಳುಗಳೇ ಮೊದಲು ಸೊರಗುತ್ತವೆ.

ಹೀಗೆ ಸೊರಗುವುದರ ಅರ್ಥ ತಿಳಿದದ್ದು ಹತ್ತಿ ಹೊಲದ ಬದುವಿನಲ್ಲಿ. ಕೀಮೋ ನಡೆಯುತ್ತಿರುವ ಹೆಣ್ಣುಮಗಳೊಬ್ಬರು ಅಲ್ಲಿ ಕುಳಿತಿದ್ದರು, ಉಳಿದವರು ಹತ್ತಿ ಬಿಡಿಸುತ್ತಿದ್ದರು. "ಅಂಗಾಲು ಉರಿಯೋದು ಒಂದ್ ಕಡಿ, ಚಪ್ಲಿ ಕಾಲಾಗಿಂದ ಜಾರಿದ್ರ ಗೊತ್ತಾಗಲಾರದ್ದು ಒಂದ್ ಕಡಿ ನೋಡ್ರಿ" ಎಂದರು. ಒಣಗಿದ ಹತ್ತಿಕಾಯಿಯ ಸಿಪ್ಪೆ ಬೆರಳಿಗೆ ಚುಚ್ಚಿದರೆ ರಕ್ತ ಕಂಡ ಮೇಲೆಯೇ ಅವರಿಗೆ ತಿಳಿಯುವುದು. ಅಂಗಿಯ ಗುಂಡಿ ಹಾಕಲು ಮಗಳನ್ನು ಕರೆಯಬೇಕು. ಕೂಲಿಯೇ ಬದುಕಾದವರಿಗೆ ಬೆರಳ ತುದಿಯ ಸ್ಪರ್ಶ ಹೋದರೆ ದುಡಿಮೆಯೇ ಹೋದಂತೆ. ಆಸ್ಪತ್ರೆಯ ಚೀಟಿಯಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುವುದು ನನಗೆ ಸಂಕಟ ತರುತ್ತದೆ.

ಅವರ ಮನೆಯಲ್ಲಿ ಅತ್ತೆಯವರು ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಕಾಯಿಸಿ ಪಾದಕ್ಕೆ ಒತ್ತುತ್ತಿದ್ದರು. ಉಸುಕಿನ ಗಂಟಿನ ಶಾಖವೂ ಇತ್ತು. ಪ್ರೀತಿಯ ಕೆಲಸವೇ ಹೌದು. ಆದರೆ ಬಿಸಿ ತಿಳಿಯದ ಪಾದಕ್ಕೆ ಶಾಖ ಕೊಟ್ಟರೆ ಬೊಬ್ಬೆ ಎದ್ದರೂ ಅರಿವಾಗದು. ಕೀಮೋದಿಂದ ಬಿಳಿ ರಕ್ತಕಣ ಕುಸಿದ ಮೈಯಲ್ಲಿ ಸಣ್ಣ ಗಾಯವೂ ಸೋಂಕಾಗಿ ಜ್ವರಕ್ಕೆ ತಿರುಗಬಹುದು. ಉಗುರುಬೆಚ್ಚಗಿನ ಎಣ್ಣೆಯನ್ನು ಆರೋಗ್ಯವಂತರು ತಮ್ಮ ಮೊಣಕೈಗೆ ಮುಟ್ಟಿಸಿ ನೋಡಿ, ಗಾಯವಿಲ್ಲದ ಚರ್ಮಕ್ಕೆ ಮೆಲ್ಲಗೆ ಸವರುವುದಾದರೆ ಅದು ಬೇರೆ. ನರ ಗುಣವಾಗುತ್ತದೆಂದು ಹೇಳಲಾಗದು, ಜೀವಕ್ಕೆ ಹಿತವಾದೀತು.

ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಅದರ ಖಾರದ ಅಂಶ ಕ್ಯಾಪ್ಸೈಸಿನ್. ಅದು ನರದ ತುದಿಯಲ್ಲಿ ಯಾವ ಬಾಗಿಲು ತಟ್ಟುತ್ತದೆಂದು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಶೇಕಡ 8ರ ಕ್ಯಾಪ್ಸೈಸಿನ್ ಪಟ್ಟಿ ನೋವು ಸಾರುವ ತುದಿಗಳನ್ನು ಕೆಲಕಾಲ ಸುಮ್ಮನಾಗಿಸುತ್ತದೆ. ಲಂಡನ್ನಿನಲ್ಲಿ ಕೀಮೋ ನೋವಿನ 16 ಜನರಿಗೆ ಹಾಕಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು, ನೋವು ಇಳಿದಿತ್ತು. ಸಣ್ಣ ಪ್ರಯತ್ನ, ಆದರೂ ಭರವಸೆಯದು. ಪಟ್ಟಿಯನ್ನು ಕೈಗವಸು ತೊಟ್ಟು ಆಸ್ಪತ್ರೆಯಲ್ಲೇ ಹಾಕುತ್ತಾರೆ. ಕಣದ ಕಾಯಿ ಅರೆದು ಪಾದಕ್ಕೆ ಹಚ್ಚಿದರೆ ಚರ್ಮ ಸುಡುವುದಷ್ಟೇ.

ನಾಟಿ ಔಷಧ ಕೊಡುವ ಮುತ್ಯಾ ಒಬ್ಬರು ಲಕ್ಕಿ ಸೊಪ್ಪು, ಹಿರೇಮದ್ದಿನ ಬೇರು ತೋರಿಸಿದರು. "ಎಣ್ಣಿ ಕೊಡ್ತೀನ್ರಿ. ಕೀಮೋ ನಡದವ್ರಿಗಿ ಪುಡಿ ಕೊಡಂಗಿಲ್ಲ, ಡಾಕ್ಟರ್‌ಗ ಕೇಳ್ಕೊಂಡ್ ಬರ್ರಿ ಅಂತೀನಿ" ಎಂದರು. ನನಗೆ ಇದು ದೊಡ್ಡ ವಿವೇಕವೆನಿಸಿತು. ಹಿರೇಮದ್ದು, ಅಂದರೆ ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಕೀಮೋ ಔಷಧಗಳಲ್ಲಿ ಹಲವನ್ನು ಜೀರ್ಣಿಸಿ ಹೊರಹಾಕುವುದೂ ಯಕೃತ್ತೇ. ಹೆಸರಿಲ್ಲದ ಪೊಟ್ಟಣ ಇನ್ನೂ ಅಪಾಯ. ಅಮೆರಿಕದ ಬಾಸ್ಟನ್ ಸುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇವು ತಾವೇ ನರ ಕೆಡಿಸುವ ವಿಷಗಳು.

ಜಪಾನಿನಲ್ಲಿ ಹತ್ತು ಮೂಲಿಕೆಗಳ ಗೋಶಾಜಿಂಕಿಗನ್ ಎಂಬ ಔಷಧದ ಮೇಲೆ ದೊಡ್ಡ ಭರವಸೆಯಿತ್ತು. ಆಕ್ಸಾಲಿಪ್ಲಾಟಿನ್ ಎಂಬ ಪ್ಲಾಟಿನಮ್ ಕೀಮೋ ಔಷಧ ತೆಗೆದುಕೊಳ್ಳುವವರಿಗೆ ಕೊಟ್ಟು ನೋಡಿದರೆ, ಮೂಲಿಕೆ ಸೇವಿಸಿದವರಲ್ಲೇ ನರದ ತೊಂದರೆ ಹೆಚ್ಚು ಕಂಡು ಪ್ರಯೋಗ ನಡುವೆಯೇ ನಿಂತಿತು. ಸದ್ಯಕ್ಕೆ ಈ ನೋವಿಗೆ ಪುರಾವೆಯಿರುವ ಗುಳಿಗೆ ಡ್ಯುಲೋಕ್ಸೆಟಿನ್. 2013ರಲ್ಲಿ ಪ್ರಕಟವಾದ 231 ಜನರ ಪ್ರಯೋಗದಲ್ಲಿ ಅದು ಹುಸಿಗುಳಿಗೆಗಿಂತ ಹೆಚ್ಚು ನೋವು ಇಳಿಸಿತು.

ಸಿರವಾರ, ದೇವದುರ್ಗ, ಮಾನ್ವಿಯ ಮನೆಗಳಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಪ್ಲಾಟಿನಮ್ ಔಷಧಗಳ ಜೋಮು ಕೀಮೋ ಮುಗಿದ ಮೇಲೂ ಕೆಲವು ತಿಂಗಳು ಏರಬಹುದು, ಆಮೇಲೆ ಹಲವರಲ್ಲಿ ತಾನಾಗಿ ಇಳಿಯುತ್ತದೆ. ಏರುವಾಗ ಜನ ಗಾಬರಿಯಿಂದ ಪುಡಿ ಹುಡುಕುತ್ತಾರೆ, ಇಳಿದಾಗ ಹೆಸರು ಪುಡಿಗೆ ಬರುತ್ತದೆ. ಕೀಮೋ ಇನ್ನೂ ನಡೆಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ರಾಯಚೂರಿನ ಆಸ್ಪತ್ರೆಯಾಗಲಿ ಕಲಬುರಗಿಯ ಕಿದ್ವಾಯಿ ಕೇಂದ್ರವಾಗಲಿ, ಮುಂದಿನ ಡೋಸ್‌ಗೆ ಮೊದಲೇ ಬೆರಳಿನ ಜೋಮಿನ ವಿಷಯ ಹೇಳಿ, ತಿನ್ನುತ್ತಿರುವ ಪುಡಿಯ ಪೊಟ್ಟಣವನ್ನೂ ತೋರಿಸಿದರೆ ವೈದ್ಯರು ಪ್ರಮಾಣ ಇಳಿಸಬಹುದು, ಅಂತರ ಹೆಚ್ಚಿಸಬಹುದು, ಔಷಧವನ್ನೇ ಬದಲಿಸಬಹುದು.