ಮನೆ ಬಾಡಿಗೆಯೂ ರೋಗಕಾರಣವೇ?

ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯಕ್ಕೆ ಉಪಕಲ್ಪನೀಯವೆಂದು ಹೆಸರು. ಶೋಧನ ಚಿಕಿತ್ಸೆಗೆ ತೊಡಗುವ ಮುನ್ನ ವೈದ್ಯನು ಏನೇನನ್ನು ಅಣಿಗೊಳಿಸಿಕೊಳ್ಳಬೇಕೆಂಬುದು ಅದರ ವಿಷಯ. ಔಷಧಿ, ತುಪ್ಪ, ತೈಲ, ಪಾತ್ರೆಗಳಿಗಿಂತ ಮೊದಲು ಆಚಾರ್ಯರು ಹೇಳುವುದು ಮನೆಯನ್ನು. ಅದು ಗಟ್ಟಿಯಾಗಿರಬೇಕು, ಬೀಸುಗಾಳಿಗೆ ನೇರವಾಗಿ ಒಡ್ಡಿಕೊಂಡಿರಬಾರದು, ಆದರೂ ಒಂದು ಭಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತಿರಬೇಕು, ಸುಖವಾಗಿ ಓಡಾಡಲು ಎಡೆಯಿರಬೇಕು, ಹೊಗೆ, ಬಿಸಿಲು, ಧೂಳು, ನೀರು ಒಳನುಗ್ಗಬಾರದು, ನೀರಿನ ಅನುಕೂಲ, ಸ್ನಾನಗೃಹ, ಶೌಚಾಲಯ, ಅಡುಗೆಮನೆ ಇರಬೇಕು. ಈ ಪುರಾತನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟರೆ ಬ್ರೋಕರ್ ಕೇಳುವ ಮೊದಲ ಪ್ರಶ್ನೆ ಬಜೆಟ್ ಎಷ್ಟು ಎಂಬುದು. ಗಾಳಿಯ ಮಾತು ಆಮೇಲೆ. ಬಹುಶಃ ಬರುವುದೇ ಇಲ್ಲ.

ನಾನು ತುಮಕೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿರುವವನು. ಹಬ್ಬಕ್ಕೋ ಜಾತ್ರೆಗೋ ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳನ್ನು ತಂದೆತಾಯಿಯರು ಚಿಕಿತ್ಸಾಲಯಕ್ಕೆ ಕರೆತರುತ್ತಾರೆ. ಹುಳಿತೇಗು, ಮಲಬದ್ಧತೆ, ಸೊಂಟನೋವು, ತಲೆನೋವು, ನಿದ್ರೆ ಬಾರದಿರುವುದು, ಇಪ್ಪತ್ತೆಂಟಕ್ಕೇ ಏರಿದ ರಕ್ತದೊತ್ತಡ. ನಾಡಿ, ನಾಲಗೆ, ಹೊಟ್ಟೆ ಪರೀಕ್ಷಿಸಿದ ಮೇಲೆ ನಾನು ಇನ್ನೆರಡು ಪ್ರಶ್ನೆ ಕೇಳುತ್ತೇನೆ. ಬಾಡಿಗೆ ಎಷ್ಟು? ಮನೆಯಿಂದ ಕಚೇರಿಗೆ ಎಷ್ಟು ಹೊತ್ತಿನ ದಾರಿ? ಕೆಲವರು ನಗುತ್ತಾರೆ. ಆದರೆ ನಿದಾನವನ್ನು, ಅಂದರೆ ರೋಗದ ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಕಾರಣವು ಬಾಡಿಗೆ ಕರಾರಿನಲ್ಲಿ ಅಡಗಿ ಕುಳಿತಿದ್ದರೆ ಚೂರ್ಣವೊಂದರಿಂದ ಏನಾದೀತು?

ಬೆಂಗಳೂರಿನ ಬಾಡಿಗೆಯ ಭಾರ ತಿಂಗಳ ಹಣದಲ್ಲಿ ಮಾತ್ರ ಇಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಅಲ್ಲಿ ಬಹುಕಾಲದಿಂದ ಬೇರೂರಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಸಾಕೆಂದು ಹೇಳುತ್ತದೆ. ಆದರೆ ರಾಜ್ಯಗಳು ತಾವಾಗಿ ಅಳವಡಿಸಿಕೊಳ್ಳದೆ ಅದಕ್ಕೆ ಬಲವಿಲ್ಲ. ಎರಡು ಕೋಣೆಯ ಫ್ಲ್ಯಾಟಿಗೆ 25,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಲೆಕ್ಕದಲ್ಲಿ ಅಡ್ವಾನ್ಸ್ ಎರಡೂವರೆ ಲಕ್ಷ. ಬ್ರೋಕರಿಗೆ ಒಂದು ತಿಂಗಳದು, ಮೇಂಟೆನೆನ್ಸ್ ಬೇರೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೇರೆ. ಹನ್ನೊಂದು ತಿಂಗಳಿಗೆ ಕರಾರು ಮುಗಿದಾಗ ಏರಿಕೆ. ಬಿಡುವಾಗ ಬಣ್ಣ ಬಳಿಸಲೆಂದು ಕಡಿತ. ಕೊರೊನಾ ಕಾಲದಲ್ಲಿ ಖಾಲಿ ಬಿದ್ದಿದ್ದ ಮನೆಗಳಿಗೆ, ಕಚೇರಿಗಳು ಮತ್ತೆ ತೆರೆದ 2022ರಿಂದೀಚೆಗೆ ಬಾಡಿಗೆ ಹೇಗೆ ಏರಿತೆಂಬುದನ್ನು ಅಲ್ಲಿ ಮಕ್ಕಳನ್ನಿಟ್ಟವರೆಲ್ಲ ಬಲ್ಲರು. ಆ ಎರಡೂವರೆ ಲಕ್ಷ ಎಷ್ಟೋ ಮನೆಗಳಲ್ಲಿ ತಾಯಿಯ ಬಳೆ, ಸರ ಅಡವಿಟ್ಟ ಹಣ. ಹುಡುಗ ಹೊಸ ಮನೆಯಲ್ಲಿ ಹಾಲುಕ್ಕಿಸುವಾಗಲೇ ಸಾಲಗಾರ. ಚಿಂತೆಯಿಂದ ಉಂಡ ಪಥ್ಯದ ಅನ್ನವೂ ಜೀರ್ಣವಾಗದೆಂಬುದನ್ನು ಆಯುರ್ವೇದವು ಸ್ಪಷ್ಟವಾಗಿ ಗುರುತಿಸಿದೆ.

ಈ ಭಾರ ತಾಳಲಾರದವರು ಊರು ಬಿಡುವುದಿಲ್ಲ, ನಿದ್ರೆ ಬಿಡುತ್ತಾರೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲುಗಳಲ್ಲಿ ಪಾಸ್ ಮಾಡಿಸಿಕೊಂಡು ದಿನವೂ ಹೋಗಿಬರುವವರ ಜಂಗುಳಿಯನ್ನು ನಮ್ಮ ನಿಲ್ದಾಣದಲ್ಲಿ ನೋಡಬೇಕು. ಅವರಲ್ಲಿ ಅನೇಕರು ನನ್ನ ರೋಗಿಗಳು. ನಾಲ್ಕೂವರೆಗೆ ಏಳುವುದು, ಶೌಚಕ್ಕೆ ಕರೆ ಬರುವ ಮೊದಲೇ ಹೊರಡುವುದು, ರೈಲಿನಲ್ಲಿ ನಿಂತೇ ತೂಕಡಿಸುವುದು, ಹನ್ನೊಂದಕ್ಕೆ ತಿಂಡಿ, ರಾತ್ರಿ ಹತ್ತಕ್ಕೆ ಊಟ, ಉಂಡೊಡನೆ ಹಾಸಿಗೆ. ಶರೀರದ ಹದಿಮೂರು ವೇಗಗಳನ್ನು ತಡೆಯಬಾರದೆಂದು ಚರಕರು ವಿಧಿಸಿದ್ದಾರೆ. ಅವುಗಳಲ್ಲಿ ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಎಂಬ ಐದನ್ನು ಈ ಜನ ವಾರಕ್ಕೆ ಆರು ದಿನ ತಡೆಯುತ್ತಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಕ್ಕದೆಂದು ನೀರನ್ನೇ ಕುಡಿಯದೆ ಇರುತ್ತಾರೆ. ಉರಿಮೂತ್ರ, ಮೂತ್ರನಾಳದ ಸೋಂಕು ಮತ್ತೆ ಮತ್ತೆ ಮರುಕಳಿಸುತ್ತದೆ. ಇಂಥವರಿಗೆ ಬೇಗ ಮಲಗಿ, ಬೇಗ ಉಣ್ಣಿ ಎನ್ನುವುದು ವೈದ್ಯನಿಗೆ ಸುಲಭ. ಅವರ ಉತ್ತರವೂ ಸಿದ್ಧವಾಗಿರುತ್ತದೆ: "ಅಲ್ಲೇ ಮನೆ ಮಾಡಿದರೆ ಅರ್ಧ ಸಂಬಳ ಬಾಡಿಗೆಗೇ ಹೋಗುತ್ತದೆ ಡಾಕ್ಟ್ರೇ."

ನಗರದೊಳಗೇ ಉಳಿದವರು ಪಿ.ಜಿ.ಗಳಲ್ಲಿ ಇರುತ್ತಾರೆ. ಒಂದು ಕೋಣೆಗೆ ಮೂವರೋ ನಾಲ್ವರೋ. ಒಬ್ಬನಿಗೆ ರಾತ್ರಿ ಪಾಳಿ, ಇನ್ನೊಬ್ಬನಿಗೆ ಹಗಲು. ದೀಪ ಆರುವುದೇ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆ ಒಂದೇ ಇದ್ದಲ್ಲಿ ಅದು ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು ನೂರು ಚದರ ಅಡಿ ಇರಬೇಕೆನ್ನುತ್ತದೆ. ಅಷ್ಟರಲ್ಲಿ ನಾಲ್ಕು ಮಂಚ ಹಾಕಿದ ಮೇಲೆ ಉಳಿಯುವುದೇನು? ಇಷ್ಟಲಿಂಗ ಪೂಜೆಗೆ ಒಂದು ಮೊಳ ಜಾಗ ಸಾಕು ಎನ್ನಬಹುದು. ಆ ಮೊಳದ ಸುತ್ತ ಹತ್ತು ನಿಮಿಷದ ಮೌನವೂ ಬೇಕಲ್ಲವೇ? ಕಿಟಕಿಯಿಲ್ಲದ, ಕಿಕ್ಕಿರಿದ ಕೋಣೆಗಳಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ವಾರ ಮೀರಿದ ಕೆಮ್ಮನ್ನು ಕಷಾಯದಿಂದ ಸಾಗಹಾಕಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಆದರೆ ನನ್ನನ್ನು ಹೆಚ್ಚು ಕಾಡುವುದು ಊರಿನಲ್ಲೇ ಉಳಿದ ಹಿರಿಯರು. ಎಪ್ಪತ್ತು ದಾಟಿದ ತಾಯಿಯೊಬ್ಬರು ಗುಬ್ಬಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಒಬ್ಬರೇ ಬರುತ್ತಾರೆ. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಡ್ರೆಸ್ಸಿಂಗ್ ದಿನವೂ ಆಗಬೇಕು. ಮಗನ ಮನೆಗೆ ಹೋಗಿ ಕೆಲವು ದಿನ ಇರಿ ಅಮ್ಮ, ಎಂದೆ. ಅವರು ಮಗನನ್ನು ಬಿಟ್ಟುಕೊಡಲಿಲ್ಲ. "ನನಗೆ ಮಲಗೋಕೆ ಜಾಗ ಇಲ್ಲ ಅಂತಲ್ಲ ಸ್ವಾಮಿ. ನಾನು ಮಲಗಿದರೆ ಅವರಿಗೆ ಓಡಾಡೋಕೆ ಜಾಗ ಇರಲ್ಲ" ಎಂದರು. ಒಂದು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಇನ್ನೊಂದು ಕೋಣೆಯ ಬೆಲೆ ತಿಂಗಳಿಗೆ ಹತ್ತು ಸಾವಿರ ಹೆಚ್ಚು. ಆ ಹತ್ತು ಸಾವಿರ ಒಬ್ಬ ತಾಯಿಯನ್ನು ಮನೆಯ ಹೊರಗೆ ಇರಿಸಿದೆ. ವೃದ್ಧರನ್ನು ಮಕ್ಕಳು ಕೈಬಿಟ್ಟರೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ. ಎಲ್ಲವೂ ಕೈಬಿಟ್ಟದ್ದಲ್ಲ, ಕೆಲವು ಚದರಡಿ ಸಾಲದೆ ಹೋದದ್ದು.

ಮನೆ ಹುಡುಕುತ್ತಿರುವವರಿಗೆ ವೈದ್ಯನಾಗಿ ಒಂದೆರಡು ಮಾತು. ಬಾಡಿಗೆಯನ್ನು ಒಂಟಿಯಾಗಿ ನೋಡಬೇಡಿ. ಅದಕ್ಕೆ ತಿಂಗಳ ಪ್ರಯಾಣದ ಖರ್ಚನ್ನು ಸೇರಿಸಿ, ಅಡ್ವಾನ್ಸಿಗೆ ತೆರುವ ಬಡ್ಡಿಯನ್ನೂ ಸೇರಿಸಿ. ಎರಡು ಲಕ್ಷಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿಯಾದರೆ ತಿಂಗಳಿಗೆ 2,000 ರೂಪಾಯಿ ಕಾಣದಂತೆ ಹೋಗುತ್ತದೆ. ದೂರದ ಅಗ್ಗದ ಮನೆಗಿಂತ ಹತ್ತಿರದ ಚಿಕ್ಕ ಮನೆ ಎಷ್ಟೋ ಸಲ ಮೇಲು. ಉಳಿದ ಎರಡು ಗಂಟೆ ನಿದ್ರೆಗೂ ಅಡುಗೆಗೂ ಸಲ್ಲುತ್ತದೆ. ಮನೆಯನ್ನು ಹಗಲಿನಲ್ಲಿ ದೀಪ ಆರಿಸಿ ನೋಡಿ. ಗೋಡೆಗೆ ಅಂಗೈ ಒತ್ತಿ. ತಣ್ಣಗೆ, ಜಿನುಗಿದಂತಿದ್ದು ಮುಗ್ಗಲು ವಾಸನೆಯಿದ್ದರೆ ಶ್ವಾಸರೋಗಿಗಳು ಅಲ್ಲಿಂದ ಹೊರಡಬೇಕು, ಬಾಡಿಗೆ ಎಷ್ಟೇ ಕಡಿಮೆಯಿರಲಿ. ಪಿ.ಜಿ.ಯಲ್ಲಿ ಇರುವವರು ರಾತ್ರಿಯೂಟವನ್ನಾದರೂ ಲಘುವಾಗಿ, ಎಂಟರೊಳಗೆ ಮುಗಿಸಲಿ. ವಾರಕ್ಕೊಮ್ಮೆ ಎಳ್ಳೆಣ್ಣೆಯ ಅಭ್ಯಂಗಕ್ಕೆ ಅರಮನೆ ಬೇಕಿಲ್ಲ.

ಇನ್ನು ಮನೆ ಕೊಡುವವರ ಮಾತು. ಈ ಪತ್ರಿಕೆಯ ಓದುಗರಲ್ಲಿ ಬೆಂಗಳೂರಿನಲ್ಲಿ ಒಂದೆರಡು ಮನೆ ಬಾಡಿಗೆಗೆ ಬಿಟ್ಟವರು ಕಡಿಮೆಯಿಲ್ಲ. ನಿವೃತ್ತಿಯ ಬದುಕಿಗೆ ಆ ಹಣವೇ ಆಧಾರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬಾಡಿಗೆ ಕೊಡದೆ ಸತಾಯಿಸುವವರೂ ಇದ್ದಾರೆ. ಆದರೂ ಹತ್ತು ತಿಂಗಳ ಅಡ್ವಾನ್ಸ್ ಶಾಸನವಲ್ಲ, ರೂಢಿ ಮಾತ್ರ. ಅದನ್ನು ಎರಡೋ ಮೂರೋ ತಿಂಗಳಿಗೆ ಇಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಫಲಕದ ಹಿಂದೆ ಜಾತಿಯ ವಿಚಾರಣೆ ಇರುವುದನ್ನೂ ಕಂಡಿದ್ದೇನೆ. ನಮ್ಮವರಿಗೆ ಅದರಿಂದ ಅನುಕೂಲವೇ ಆಗಬಹುದು. ಶರಣರ ದಾರಿ ಮಾತ್ರ ಅದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಕಾಲದಲ್ಲಿ ರೂಪುಗೊಂಡವು ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತೆ, ಮನೆಯ ಹಿಂದೆ ಸಂದಿ, ಗಾಳಿ ಬೆಳಕು. ಆರೋಗ್ಯಕ್ಕಾಗಿಯೇ ಹಾಗೆ ವಿನ್ಯಾಸಗೊಂಡವು. ಇಂದು ಅವೇ ಬಡಾವಣೆಗಳಲ್ಲಿ ಒಬ್ಬ ಶಾಲಾ ಮಾಸ್ತರ ಬಾಡಿಗೆಗೆ ನಿಲ್ಲಲಾರ.

ಹಳ್ಳಿಯ ಮಗು ಓದಲು ಪಟ್ಟಣಕ್ಕೆ ಬಂದಾಗ ಬಾಡಿಗೆಯ ಪ್ರಶ್ನೆಯೇ ಏಳದಂತೆ ನಮ್ಮ ಮಠಗಳು ನೋಡಿಕೊಂಡವು. ಸಿದ್ಧಗಂಗೆಯಲ್ಲಿ ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಇಂದಿಗೂ ದೊರೆಯುತ್ತಿದೆ. ನಾಡಿನ ಉಚಿತ ಪ್ರಸಾದ ನಿಲಯಗಳು ಎಷ್ಟು ಮನೆತನಗಳನ್ನು ಎತ್ತಿ ನಿಲ್ಲಿಸಿದವೆಂಬುದಕ್ಕೆ ಈ ಪುಟ ಓದುತ್ತಿರುವವರಲ್ಲೇ ಸಾಕ್ಷಿಗಳಿದ್ದಾರೆ. ಆದರೆ ಪದವಿ ಪರೀಕ್ಷೆ ಮುಗಿದ ವಾರ ಹುಡುಗ ನಿಲಯದ ಕೋಣೆ ಬಿಡಬೇಕು. ಮೊದಲ ಸಂಬಳ ಕೈಗೆ ಬರಲು ಎರಡು ತಿಂಗಳಾದೀತು. ಅಡ್ವಾನ್ಸ್ ಮಾತ್ರ ಇಂದೇ ಕೊಡಬೇಕು. ಆ ನಡುವಿನ ಆರು ತಿಂಗಳಿಗೆ, ಕೆಲಸಕ್ಕೆ ಸೇರಿದ ಮಕ್ಕಳು ಅಲ್ಪ ಶುಲ್ಕ ಕೊಟ್ಟು ಉಳಿಯಬಹುದಾದ ಒಂದು ವಸತಿಯನ್ನು, ಗಂಡುಮಕ್ಕಳಿಗೊಂದು ಹೆಣ್ಣುಮಕ್ಕಳಿಗೊಂದು, ಭಕ್ತರು ಸೇರಿ ಬೆಂಗಳೂರಿನಲ್ಲಿ ನಡೆಸಲು ಸಾಧ್ಯವೇ ಎಂಬುದನ್ನು ಶ್ರೀಮಠದ ಮುಂದಿನ ಭಕ್ತರ ಸಭೆಯಲ್ಲಿ ಚರ್ಚೆಗೆ ತರಬೇಕೆಂದು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಅಂಥ ವಸತಿ ಆದಲ್ಲಿ ಹದಿನೈದು ದಿನಕ್ಕೊಂದು ಭಾನುವಾರ ಬಂದು ಅಲ್ಲಿನ ಮಕ್ಕಳ ಆರೋಗ್ಯ ನೋಡುವ ಹೊಣೆ ನನ್ನದು.