ತೊಳೆದ ಮೇಲಿನ ಕೆಲಸ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಪ್ರಿಯರಿಗೆ ಹಬ್ಬ. ಮೈಸೂರು, ಬೆಂಗಳೂರುಗಳಲ್ಲಿ ಅಂದು ಹಳೆಯ ಗಾಡಿಗಳು ಸಾಲುಗಟ್ಟಿ ರಸ್ತೆಗಿಳಿಯುತ್ತವೆ. ಕಡುಗೆಂಪು ಟ್ಯಾಂಕ್, ಅದರ ಎರಡೂ ಪಕ್ಕಕ್ಕೆ ಕ್ರೋಮ್, ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಗೆರೆ. ನೋಡಲು ನಿಂತವರು ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ. ನನ್ನ ಕಣ್ಣು ಮಾತ್ರ ಮಡ್‌ಗಾರ್ಡಿನ ಒಳಮೈ ಕಡೆಗೆ ಹೋಗುತ್ತದೆ. ಮಳೆಗಾಲದ ನಟ್ಟನಡುವೆ ಬೀದಿಗೆ ಬಂದಿರುವ ಈ ಗಾಡಿಗಳ ತಗಡು ಇಷ್ಟು ವರ್ಷ ಹೇಗೆ ಉಳಿಯಿತು ಎನ್ನುವುದೇ ಅಲ್ಲಿ ತಿಳಿಯುವ ಸಂಗತಿ.

ಇವು ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಹೊರಬಿದ್ದ ಕಟ್ಟಕಡೆಯ ಗಾಡಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಎಂಜಿನ್ನಿಗೆ ಬೋರ್ ಮಾಡಿಸಬಹುದು, ಪಿಸ್ಟನ್ ಹುಡುಕಿ ತರಬಹುದು. ತುಕ್ಕು ತಿಂದು ತೂತು ಬಿದ್ದ ಅಸಲಿ ಟ್ಯಾಂಕಿಗೆ ಸಾಟಿಯಾದದ್ದು ಸಿಗುವುದು ಕಷ್ಟ. ಹೀಗಾಗಿ ಈ ಗಾಡಿ ಸಾಕಿದವರ ನಡುವೆ ತುಕ್ಕು ತಡೆಯುವುದು ಒಂದು ಕಸುಬಾಗಿಯೇ ಬೆಳೆದಿದೆ. ಹೊಸ ಬೈಕ್ ಇಟ್ಟುಕೊಂಡವರಿಗೂ ಅದರಿಂದ ಕಲಿಯುವುದು ಬೇಕಾದಷ್ಟಿದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಎರಡೂ ಬೇಕು. ಗಾಳಿಯನ್ನು ನಾವು ತಡೆಯಲಾರೆವು. ನೀರನ್ನೂ ಬರದಂತೆ ಮಾಡಲಾಗದು. ನಮ್ಮ ಕೈಲಿರುವುದು ಒಂದೇ: ಬಂದ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು. ಜೋರು ಮಳೆಯಲ್ಲಿ ಓಡಾಡಿ ಬಂದು, ಗಾಳಿಯಾಡುವ ಕಡೆ ನಿಂತು ಒಣಗಿದ ಗಾಡಿಗಿಂತ, ಕೆಸರು ಮೆತ್ತಿಕೊಂಡು ಮೂಲೆಯಲ್ಲಿ ನಿಂತ ಗಾಡಿ ಬೇಗ ಹಾಳಾಗುತ್ತದೆ. ಹಸಿ ಕೆಸರು ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಡ್‌ಗಾರ್ಡಿನ ಒಳಮಡಿಕೆ, ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಬ್ಯಾಟರಿ ಪೆಟ್ಟಿಗೆಯ ತಳ, ರಿಮ್‌ಗೆ ಕಡ್ಡಿ ಸೇರುವ ಕಡೆ, ಟ್ಯಾಂಕಿನ ರಬ್ಬರ್ ಪ್ಯಾಡಿನ ಹಿಂಭಾಗ ಇವೆಲ್ಲ ಅಂಥ ಜಾಗಗಳು. ಕಣ್ಣಿಗೆ ಕಾಣುವ ಕಡೆ ಹೊಳಪು ತಂದು ಇವನ್ನು ಮರೆತರೆ ತೊಳೆದೂ ಪ್ರಯೋಜನವಿಲ್ಲ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು, ಅದು ತಣಿಯುವವರೆಗೆ ಕಾಯಬೇಕು. ಮೊದಲು ಬರೀ ನೀರು ಬಿಟ್ಟು ಕೆಸರನ್ನು ನೆನೆಸಿ ಇಳಿಸಬೇಕು. ಒಣ ಮಣ್ಣನ್ನು ಬಟ್ಟೆಯಲ್ಲಿ ಒರೆಸಿದರೆ ಮರಳಿನ ಕಣ ಬಣ್ಣವನ್ನು ಗೀರುತ್ತದೆ, ಗೀರಿದ ಜಾಗದಲ್ಲಿ ನೀರು ಕೂರುತ್ತದೆ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ದ್ರಾವಣಗಳು ಜಿಡ್ಡು ತೆಗೆಯುವ ಭರದಲ್ಲಿ ಬಣ್ಣದ ಮೇಲಿನ ಮೇಣವನ್ನೂ ಎತ್ತಿಬಿಡುತ್ತವೆ, ಹಾಗಾಗಿ ವಾಹನಗಳ ಶಾಂಪೂ ಬಳಸುವುದೇ ಮೇಲು. ಇನ್ನು ವಾಟರ್ ಸರ್ವೀಸ್ ಅಂಗಡಿಗಳ ಪ್ರೆಷರ್ ಪಂಪು. ಮಡ್‌ಗಾರ್ಡಿನ ಅಡಿಗೆ ಅದು ವರದಾನ. ಚಕ್ರದ ಹಬ್, ಹ್ಯಾಂಡಲ್ ಕೆಳಗಿನ ಬೇರಿಂಗ್, ಸ್ವಿಚ್ಚು, ಚೈನ್ ಇವುಗಳಿಗೆ ಹತ್ತಿರದಿಂದ ಹಿಡಿದರೆ ಸೀಲು ದಾಟಿ ನೀರು ಒಳಹೋಗಿ ಗ್ರೀಸನ್ನು ಹೊರದೂಡುತ್ತದೆ. ಬೇರಿಂಗಿಗೆ ತುಕ್ಕು ಹತ್ತುವುದು ಹಾಗೆ. ಪಂಪು ಹಿಡಿದ ಹುಡುಗನಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಂಗಡಿಯಿಂದ ನೀರು ತೊಟ್ಟಿಕ್ಕುವ ಗಾಡಿಯನ್ನು ತಂದು, ಮನೆ ಮುಂದೆ ಕವರ್ ಹೊದಿಸಿ ನಿಲ್ಲಿಸುವವರು ಬಹಳ. ಇದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ನಾಲ್ಕಾರು ಕಿಲೋಮೀಟರ್ ಓಡಿಸಬೇಕು. ಎಂಜಿನ್ನಿನ ಬಿಸಿಗೆ ಫಿನ್‌ಗಳ ಸಂದಿಯ ನೀರು ಆರುತ್ತದೆ, ಗಾಳಿಗೆ ಮೂಲೆಗಳ ನೀರು ಹಾರುತ್ತದೆ, ಬ್ರೇಕ್ ಹಿಡಿದಾಗ ಡ್ರಮ್ಮೂ ಡಿಸ್ಕೂ ಒಣಗುತ್ತವೆ. ಹೊದಿಕೆ ಹಾಕುವುದಿದ್ದರೆ ಆಮೇಲೆ, ಅದೂ ಗಾಳಿಯಾಡುವ ಬಟ್ಟೆಯದು. ಪ್ಲಾಸ್ಟಿಕ್ ಹೊದಿಕೆಯೊಳಗೆ ರಾತ್ರಿಯ ತಂಪಿಗೆ ಹನಿಗಟ್ಟಿದ ನೀರು ಬೆಳಗಾದರೂ ಅಲ್ಲೇ ಇರುತ್ತದೆ.

ಓಡಿಸುವುದರಿಂದ ಇನ್ನೊಂದು ಉಪಕಾರವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಅದು ಆವಿಯಾಗಿ ಸೈಲೆನ್ಸರ್ ದಾಟಿ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಲು, ತರಕಾರಿಗೆಂದು ಬೀದಿ ಕೊನೆಯವರೆಗೆ ಮಾತ್ರ ಹೋಗಿಬರುವ ಗಾಡಿಯ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ ನಿಲ್ಲುತ್ತದೆ. ಹೊರಗೆ ಥಳಥಳಿಸುವ ಸೈಲೆನ್ಸರ್ ಒಂದು ದಿನ ಕೆಳಭಾಗದಲ್ಲಿ ತೂತು ಬೀಳುವುದು ಇದರಿಂದಲೇ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ದೂರ ಹೋಗಿಬಂದರೆ ಒಳಗಿನ ತೇವ ಆರುತ್ತದೆ.

ಹಳೆ ಗಾಡಿಯವರ ನಿಜವಾದ ಪರೀಕ್ಷೆ ಪೆಟ್ರೋಲ್ ಟ್ಯಾಂಕಿನೊಳಗೆ. ಅರ್ಧ ಖಾಲಿ ಇರುವ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣಿದು ಗೋಡೆಗೆ ಹನಿಗಟ್ಟುತ್ತದೆ, ಪೆಟ್ರೋಲಿಗಿಂತ ಭಾರವಾದ ನೀರು ತಳ ಸೇರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆದ್ದರಿಂದ ಕೆಲವು ವಾರ ಗಾಡಿ ತೆಗೆಯುವುದಿಲ್ಲ ಎಂದಾದರೆ ಟ್ಯಾಂಕ್ ತುಂಬಿಸಿಡಬೇಕು. ಹಲವು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಪೂರ್ತಿ ಬಸಿದು, ಟ್ಯಾಂಕಿನ ಒಳಮೈಗೆ ಸ್ವಲ್ಪ ಆಯಿಲ್ ಆಡಿಸಿಡುವುದು ಲೇಸು.

ಆಗಲೇ ತುಕ್ಕು ಹಿಡಿದಿದ್ದರೆ? ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಕಾಕ್ ತೆಗೆದು ಆ ತೂತನ್ನು ಮುಚ್ಚುತ್ತಾರೆ. ಒಳಗೆ ಒಂದು ಹಿಡಿ ನಟ್ಟು, ಹಳೆಯ ಚೈನಿನ ತುಂಡು, ಸೋಪಿನ ನೀರು ಹಾಕಿ ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತಾರೆ. ಮೊದಲ ಸಲ ಸುರಿದಾಗ ಬರುವುದು ಇಟ್ಟಿಗೆ ಬಣ್ಣದ ನೀರು, ಅದರಲ್ಲಿ ಹೊಟ್ಟಿನಂಥ ಚೂರುಗಳು. ನೀರು ತಿಳಿಯಾಗುವವರೆಗೆ ಇದೇ ಕೆಲಸ. ಆಮೇಲೆ ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ತುಂಬಿ ರಾತ್ರಿಯಿಡೀ ಬಿಟ್ಟರೆ ಗೋಡೆಗೆ ಅಂಟಿದ ತುಕ್ಕು ಕರಗುತ್ತದೆ. ಬೇಗ ಮುಗಿಯಲೆಂದು ಶೌಚಾಲಯ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತಗಡನ್ನೂ ತಿನ್ನುತ್ತದೆ, ಅದರ ಹಬೆ ಪಕ್ಕದಲ್ಲಿಟ್ಟ ಸ್ಪ್ಯಾನರಿಗೂ ತುಕ್ಕು ಹಿಡಿಸುತ್ತದೆ. ಬೇಡ.

ಆಮ್ಲ ಚೆಲ್ಲಿ, ಸೋಡಾ ಬೆರೆಸಿದ ನೀರಿನಲ್ಲಿ ತೊಳೆದಾಗ ಒಳಗೆ ಬೂದುಬಣ್ಣದ ಶುದ್ಧ ಲೋಹ ಕಾಣುತ್ತದೆ. ಇಲ್ಲಿಂದ ಮುಂದೆ ಕೈ ಚುರುಕಾಗಿರಬೇಕು. ಬತ್ತಲಾದ ಉಕ್ಕು ಹಸಿಯಾಗಿದ್ದರೆ ನೋಡುತ್ತಿದ್ದಂತೆಯೇ ಕಿತ್ತಳೆ ಛಾಯೆ ತಾಳುತ್ತದೆ. ತಡಮಾಡದೆ ಸ್ಪಿರಿಟ್ ಹಾಕಿ ಆಡಿಸಿದರೆ ಉಳಿದ ನೀರನ್ನು ಅದು ಎಳೆದುಕೊಂಡು ಬರುತ್ತದೆ. ಅದನ್ನು ಚೆಲ್ಲಿ, ವಾಸನೆ ಪೂರ್ತಿ ಹೋಗುವವರೆಗೆ ಬಯಲಲ್ಲಿ ಬಿಟ್ಟು, ಬಳಿಕ ಬಿಸಿ ಗಾಳಿ ಊದಿ, ಆಯಿಲ್ ಬೆರೆಸಿದ ಪೆಟ್ರೋಲಿನಿಂದ ಒಳಮೈ ನೆನೆಸುತ್ತಾರೆ. ಕೈಗವಸು ಬೇಕು. ಪೆಟ್ರೋಲಿನ ಆವಿ ಇರುವ ಕಡೆ ಬೀಡಿಯೂ ಬೇಡ, ಹೀಟರೂ ಬೇಡ.

ಕ್ರೋಮಿನ ವಿಷಯದಲ್ಲಿ ತಪ್ಪು ನಡೆಯುವುದು ಅತಿ ಉತ್ಸಾಹದಿಂದ. ನಾವು ಕಾಣುವ ಕ್ರೋಮಿಯಂ ಪದರದ ದಪ್ಪ ಒಂದು ಮೈಕ್ರಾನ್‌ಗೂ ಕಡಿಮೆ. ಅದರ ಕೆಳಗಿನ ನಿಕಲ್ ಪದರವೇ ಉಕ್ಕನ್ನು ನಿಜವಾಗಿ ಕಾಯುವುದು. ಕ್ರೋಮಿನ ಮೇಲೆ ಕಾಣುವ ಕಂದು ಚುಕ್ಕೆ, ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ಕೆಳಗಿನಿಂದ ಎದ್ದುಬಂದ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿದರೆ ಚುಕ್ಕೆಯ ಜೊತೆ ಲೇಪವೂ ಹೋಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಸಾಕು. ಕ್ರೋಮಿಗಿಂತ ಮೆದುವಾದ ಲೋಹವಾದ್ದರಿಂದ ಗೀರು ಬೀಳುವುದಿಲ್ಲ. ಒರೆಸಿ, ಒಣಗಿಸಿ, ಮೇಣ ಹಚ್ಚಿದರೆ ರಂಧ್ರದೊಳಕ್ಕೆ ನೀರು ಇಳಿಯುವುದು ನಿಲ್ಲುತ್ತದೆ. ಟಯರ್, ಡಿಸ್ಕ್, ಸೀಟಿಗೆ ಮಾತ್ರ ಮೇಣ, ಎಣ್ಣೆ ತಾಗಬಾರದು.

ಕರಾವಳಿಯವರಿಗೆ ಇಷ್ಟು ಸಾಲದು. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಗಾಳಿಯಲ್ಲಿ ಉಪ್ಪಿನ ಕಣಗಳಿರುತ್ತವೆ. ಉಪ್ಪು ಸೇರಿದ ತೇವ ತುಕ್ಕಿನ ಕ್ರಿಯೆಯನ್ನು ಹಲವು ಪಟ್ಟು ಚುರುಕುಗೊಳಿಸುತ್ತದೆ. ಅಲ್ಲಿ ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಭಾಗಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ರೂಢಿಯಿದೆ. ಉದ್ದೇಶ ಸರಿ, ವಸ್ತು ಸರಿಯಿಲ್ಲ. ಬಳಸಿದ ಆಯಿಲಿನಲ್ಲಿ ಆಮ್ಲವೂ ಮಸಿಯೂ ಇರುತ್ತವೆ, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ರಸ್ತೆಗೆ ತೊಟ್ಟಿಕ್ಕಿ ಹಳ್ಳ ಸೇರುತ್ತದೆ. ಅದರ ಬದಲು ಮೇಣ ಅಥವಾ ಉಣ್ಣೆಯ ಜಿಡ್ಡಿನಿಂದ ತಯಾರಾದ ತುಕ್ಕುನಿರೋಧಕ ಸ್ಪ್ರೇಗಳನ್ನು ಮಳೆಗಾಲದ ಮೊದಲೊಮ್ಮೆ, ನಡುವೆ ಒಮ್ಮೆ ಹಚ್ಚುವುದು ವಾಸಿ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಇದಕ್ಕೆ ಸಾಲದು. 1953ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅದರ ಕೆಲಸ ನೀರನ್ನು ಹೊರದೂಡುವುದು. ತೊಳೆದ ಮೇಲೆ ನಟ್ಟು, ಕೇಬಲ್ ತುದಿಗಳಿಗೆ ಹೊಡೆಯಲು ಒಳ್ಳೆಯದೇ. ಆದರೆ ಅದರ ಪದರ ತೀರಾ ತೆಳು, ಮಳೆಗೆ ನಿಲ್ಲುವುದಿಲ್ಲ.

ಚೈನ್ ಬಗ್ಗೆ ಎರಡು ಮಾತು. ಜಾವಾದ ಚೈನ್ ಪೂರ್ತಿ ಕವರಿನೊಳಗೆ ಓಡುತ್ತಿತ್ತು, ಕೆಸರು ತಾಗುತ್ತಿರಲಿಲ್ಲ. ಇಂದಿನ ಬಹುಪಾಲು ಬೈಕ್‌ಗಳಲ್ಲಿ ಅದು ಬಯಲಿಗಿದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲ್ ಹಚ್ಚಿ, ಮಿಕ್ಕಿದ್ದನ್ನು ಒರೆಸಿಬಿಡಬೇಕು. ಪೆಟ್ರೋಲಿನಲ್ಲಿ ತೊಳೆದರೆ ಓ-ರಿಂಗ್‌ಗಳು ಹಾಳಾಗುತ್ತವೆ.

ಆಯುಧಪೂಜೆಯ ದಿನ ನಮ್ಮ ನಾಡಿನಲ್ಲಿ ತೊಳೆಯದ ಗಾಡಿ ಇರುವುದಿಲ್ಲ. ಅರಿಸಿನ, ಕುಂಕುಮ, ನಿಂಬೆಹಣ್ಣು, ಹೂವಿನ ಹಾರ ಎಲ್ಲವೂ ಬೀಳುತ್ತವೆ. ನಿಂಬೆರಸ ಆಮ್ಲ, ಬಾಡಿದ ಹಾರ ತೇವದ ಗೂಡು. ಪೂಜೆ ಭಕ್ತಿಯಿಂದಲೇ ಆಗಲಿ, ಮರುದಿನ ಹಾರ ತೆಗೆದು, ಹನಿ ಬಿದ್ದ ಕಡೆ ಒದ್ದೆ ಬಟ್ಟೆ ಆಡಿಸಿ ಒಣಗಿಸಿದರೆ ಕ್ರೋಮ್ ಉಳಿಯುತ್ತದೆ.

ಕೊನೆಯದಾಗಿ, ಬಹಳ ಮಂದಿ ಮರೆಯುವ ಒಂದು ಜಾಗವಿದೆ. ಫ್ರೇಮಿನ ಮೇಲೆ ಕೊರೆದಿರುವ ಚಾಸಿ ನಂಬರ್. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋದಾಗ ಇನ್‌ಸ್ಪೆಕ್ಟರ್ ಆ ಅಂಕಿಗಳನ್ನು ಆರ್‌ಸಿ ಜೊತೆ ತಾಳೆ ನೋಡುತ್ತಾರೆ. ತುಕ್ಕು ತಿಂದು ಅಂಕಿ ಅಳಿಸಿದ್ದರೆ ಗಾಡಿ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಕಾಗದಪತ್ರದ ಕೆಲಸ ಕಗ್ಗಂಟಾಗುತ್ತದೆ. ಹಳೆ ಜಾವಾ ಕೊಳ್ಳಲು ಹೋದವರು ಟಾರ್ಚ್ ಹಿಡಿದು ಮೊದಲು ನೋಡಬೇಕಾದದ್ದು ಇದನ್ನು, ಆಮೇಲೆ ಟ್ಯಾಂಕಿನ ಒಳಗನ್ನು. ನಂಬರ್ ಮೇಲಿನ ಧೂಳನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತೆಗೆದು, ಬೆರಳ ತುದಿಯಷ್ಟು ಗ್ರೀಸ್ ಸವರಲು ಒಂದು ನಿಮಿಷ ಸಾಕು.